ಬಾದಾಮಿಯ ಬಂಡೆ ಹೇಳುವ ಚರಿತ್ರೆ

ಬಾದಾಮಿಯ ಮೂರನೆಯ ಗುಹೆಯಲ್ಲಿ, ಅಣ್ಣನಾದ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಮಂಗಲೇಶನು ಕ್ರಿ.ಶ. 578ರಲ್ಲಿ ಕೆತ್ತಿಸಿದ ಶಾಸನವನ್ನು ಚರಿತ್ರಾಸಕ್ತರೆಲ್ಲರೂ ಬಲ್ಲರು. ಆ ಅಕ್ಷರಗಳನ್ನು ಹೊತ್ತ ಬಂಡೆಯೂ ಒಂದು ಶಾಸನವೇ. ಅದರ ವಯಸ್ಸಿನ ಮುಂದೆ ಚಾಲುಕ್ಯರ ಕಾಲ ನಿನ್ನೆ ಮೊನ್ನೆಯದು. ಚಿಪ್ಪುಳ್ಳ ಪ್ರಾಣಿಗಳು ಹುಟ್ಟುವುದಕ್ಕೂ ಬಹು ಮುನ್ನ ಅದು ಸಡಿಲ ಮರಳಾಗಿತ್ತು. ಆದುದರಿಂದ ಅದರ ಹುಟ್ಟೂರನ್ನು ಹೇಳಲು ಶಂಖವಿಲ್ಲ, ಸಿಂಪಿಯಿಲ್ಲ. ಸಾಕ್ಷ್ಯವೆಲ್ಲವೂ ಕಲ್ಲಿನಿಂದಲೇ ಹೊರಡಬೇಕು.

ಈ ಮರಳುಗಲ್ಲಿನಲ್ಲಿ ಮಟ್ಟಸವಾದ ಪದರಗಳ ನಡುವೆ ಓರೆಗೆರೆಗಳ ಕಟ್ಟುಗಳು ಕಾಣುತ್ತವೆ. ನೀರಿನ ಸೆಳೆತವು ಮರಳಿನ ದಿಬ್ಬವನ್ನು ಮುಂದೊತ್ತಿದಾಗ ಅದರ ಇಳಿಜಾರಿನಲ್ಲಿ ಜಾರಿ ನಿಂತ ಪದರಗಳಿವು. ಗೆರೆ ಇಳಿದ ಕಡೆಗೇ ನೀರು ಹರಿದಿತ್ತು. ಗಾಳಿಯೂ ಇಂಥ ಗೆರೆಗಳನ್ನು ಎಳೆಯಬಲ್ಲದು, ದಿಟ. ಆದರೆ ಹರಳುಕಲ್ಲನ್ನು ಹೊತ್ತು ತರಲಾರದು. ಹರಳುಗಳೂ ಇಲ್ಲಿ ಅಲ್ಲಲ್ಲಿ ಸಿಕ್ಕುವುದರಿಂದ, ಕವಲೊಡೆದು ಹರಿಯುತ್ತಿದ್ದ ಹೊಳೆಗಳನ್ನು ಊಹಿಸುವುದು ನ್ಯಾಯವಾಗಿದೆ.

ಇದೇ ಬಾದಾಮಿ ಶ್ರೇಣಿಯಲ್ಲಿ ಮೇಲೆ ಸಾಗಿದರೆ ಜೇಡಿಗಲ್ಲೂ, ಕೊನೆಗೆ ಕೊಂಕಣಕೊಪ್ಪದ ಸುಣ್ಣಗಲ್ಲೂ ದೊರೆಯುತ್ತವೆ. ಸುಣ್ಣವು ಚೆನ್ನಾಗಿ ಕೂಡಿಕೊಳ್ಳುವುದು ಮರಳೂ ಕೆಸರೂ ಕಡಿಮೆಯಾದ ತಿಳಿನೀರಿನಲ್ಲಿ. ಎಂದರೆ ಹೊಳೆ ಹಿಂಜರಿದು ಕಡಲು ಮುಂದುವರಿದಿದೆ. ಒಂದರ ಮೇಲೊಂದು ಕುಳಿತ ಇಂಥ ಪದರಗಳು ಒಮ್ಮೆ ಪಕ್ಕಪಕ್ಕದಲ್ಲಿದ್ದ ನೆಲೆಗಳೇ ಎಂಬ ಸೂತ್ರವನ್ನು ಜರ್ಮನಿಯ ಯೋಹಾನೆಸ್ ವಾಲ್ಟರ್ 1894ರಲ್ಲಿ ಸ್ಥಾಪಿಸಿದನು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಕರಾವಳಿಯಲ್ಲಿ ಇದು ಇಂದಿಗೂ ಕಣ್ಣಿಗೆ ಕಾಣುತ್ತದೆ: ತೀರದ ಬಳಿ ನದಿ ತಂದ ಮರಳು, ಆಚೆ ಹವಳದ ಸುಣ್ಣ.

ತೊಡಕು ಹುಟ್ಟುವುದು ಎರಡೂ ಒಂದೇ ಕಲ್ಲಿನಲ್ಲಿ ಬೆರೆತಾಗ. ದುರ್ಬಲ ಆಮ್ಲದ ಒಂದು ತೊಟ್ಟು ಬಿಟ್ಟರೆ ಸುಣ್ಣ ನೊರೆಗಟ್ಟುತ್ತದೆ, ಮರಳಿನ ಕಾಳು ಹಾಗೆಯೇ ಉಳಿಯುತ್ತದೆ. ಇಷ್ಟರಿಂದಲೇ "ಇಲ್ಲಿ ಕಡಲಿತ್ತು" ಎಂದು ತೀರ್ಪು ಕೊಡುವುದು ಅವಸರದ ಮಾತು. ಬಿರುಗಾಳಿ ತೀರದ ಮರಳನ್ನು ಸುಣ್ಣದ ನೆಲೆಗೆ ಎಸೆದಿರಬಹುದು. ತೀರರೇಖೆಯೇ ಹಿಂದುಮುಂದಾಗಿ ಸರಿದಿರಬಹುದು. ಅಥವಾ ಎಷ್ಟೋ ಕಾಲದ ಮೇಲೆ ಅಂತರ್ಜಲವು ಹೊಳೆಯ ಮರಳಿನ ಸಂದುಗಳಲ್ಲಿ ಸುಣ್ಣವನ್ನು ಗಾರೆಯಂತೆ ತುಂಬಿರಬಹುದು. ಕಡೆಯ ಪಕ್ಷದಲ್ಲಿ ಕಡಲೇ ಇಲ್ಲ! ನಿರ್ಣಯಕ್ಕೆ ಕಲ್ಲಿನ ಒಳಗನ್ನೇ ನೋಡಬೇಕು. ಇಂಗ್ಲೆಂಡಿನ ಹೆನ್ರಿ ಸಾರ್ಬಿ ಯಾರ್ಕ್‌ಷೈರ್ ತೀರದ ಸುಣ್ಣಮಿಶ್ರ ಮರಳುಗಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 1851ರಲ್ಲಿ ಫಲಿತವನ್ನು ಪ್ರಕಟಿಸಿದನು. ಬೆಟ್ಟವನ್ನು ಸೂಕ್ಷ್ಮದರ್ಶಕದಿಂದ ನೋಡುವುದುಂಟೇ ಎಂದು ನಕ್ಕವರಿದ್ದರು. ಸುಣ್ಣವು ಉರುಳಿ ಬಂದ ಕಾಳೋ, ಆಮೇಲೆ ಇಂಗಿದ ಗಾರೆಯೋ ಎಂಬುದನ್ನು ತಿಳಿಯಲು ಅವನ ಮಾರ್ಗವೇ ಇಂದಿಗೂ ರೂಢಿಯಲ್ಲಿದೆ.

ವಾಲ್ಟರನ ಸೂತ್ರಕ್ಕೂ ಒಂದು ಕಟ್ಟುಪಾಡುಂಟು: ಪದರಗಳ ನಡುವೆ ಕಾಲದ ಬಿರುಕು ಇರಕೂಡದು. ರಾಬರ್ಟ್ ಬ್ರೂಸ್ ಫುಟ್ 1876ರ ತನ್ನ ಗ್ರಂಥದಲ್ಲಿ ಈ ಸೀಮೆಯ ಬಂಡೆಗಳನ್ನು ಕಲಾದಗಿ ಶ್ರೇಣಿಯೆಂದು ವರ್ಣಿಸಿದನು. ಅವುಗಳಲ್ಲಿ ಬಾಗಲಕೋಟೆಯ ಕಡೆಯ ಹಳೆಯ ಪದರಗಳು ಮಡಿಸಿ ವಾಲಿವೆ; ಅವುಗಳ ಸವೆದ ತಲೆಯ ಮೇಲೆ ಬಾದಾಮಿಯ ಮರಳುಗಲ್ಲು ಬಹುಮಟ್ಟಿಗೆ ಸಮತಲವಾಗಿ ಮಲಗಿದೆ. ಕೆಳಗಿನ ಪದರಗಳಲ್ಲಿಯೂ ಸುಣ್ಣಗಲ್ಲುಂಟು. ಆದರೆ ಅದನ್ನು ಕೂಡಿಸಿದ ಕಡಲೇ ಬೇರೆ. ಅದು ಬತ್ತಿ, ನೆಲ ಮಡಿಸಿ, ಬೆಟ್ಟ ಸವೆದ ಮೇಲೆಯೇ ಬಾದಾಮಿಯ ಹೊಳೆಗಳು ಹರಿದುವು.