ನಮ್ಮ ಮೊಹಲ್ಲಾ, ನಮ್ಮ ಹಿಸ್ಟರಿ – 7: ಸ್ವಾಮಿಗೆ ಮುಖ ಕೊಟ್ಟವರು

(1/5)
ಲಷ್ಕರ್ ಮೊಹಲ್ಲಾದಿಂದ ಯಾದವಗಿರಿ ಏನ್ ಮಹಾ ದೂರ ಅಲ್ಲ. ಆದ್ರೂ ಆರ್.ಕೆ. ನಾರಾಯಣ್ ಮನೆಗೆ ನಾನು ಹೋಗಿದ್ದು ಮೊನ್ನೆ ಮೊನ್ನೆ. ಈ ಮನೆಯ ಓದುವ ಕೋಣೆಗೆ ಎಂಟು ಕಿಟಕಿ. ದಕ್ಷಿಣಕ್ಕೆ ಚಾಮುಂಡಿ ಬೆಟ್ಟದ ದೇವಸ್ಥಾನ, ಪೂರ್ವಕ್ಕೆ ಊರಿನ ಗೋಪುರಗಳು ಕಾಣುತ್ತಿದ್ದವು ಅಂತ ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಮ್ಮ ಫಿಲೋಮಿನಾ ಚರ್ಚ್ ಇರೋದೂ ಆ ಪೂರ್ವಕ್ಕೇ!

2011ರಲ್ಲಿ ಈ ಮನೆಯನ್ನು ಕೆಡವೋಕೆ ಶುರುಮಾಡಿದ್ದರು. ಊರಿನ ಜನ, ಪತ್ರಿಕೆಗಳು ದನಿ ಎತ್ತಿದ ಮೇಲೆ ಕೆಲಸ ನಿಂತಿತು. ರಿಪೇರಿಯಾಗಿ 2016ರಲ್ಲಿ ಮ್ಯೂಸಿಯಂ ಆಯಿತು. ಅಂದ್ರೆ ಸ್ವಲ್ಪದರಲ್ಲಿ ಉಳಿದ ಮನೆ ಇದು.

(2/5)
ಅಲ್ಲಿ ನಿಂತಾಗ ನನಗೆ ನೆನಪಾಗಿದ್ದು ಮಾತ್ರ ತಮ್ಮ ಲಕ್ಷ್ಮಣ್. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಆದರೆ ನಮ್ಮ ಕಣ್ಣ ಮುಂದೆ ಬರೋ ಮಾಲ್ಗುಡಿ ಆರ್.ಕೆ. ಲಕ್ಷ್ಮಣ್ ಬರೆದ ಗೆರೆಗಳದ್ದು. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಶುರುವಾಗೋದೂ ಆ ಸ್ಕೆಚ್‌ಗಳಿಂದಲೇ.

1921ರಲ್ಲಿ ಮೈಸೂರಲ್ಲೇ ಹುಟ್ಟಿದ ಹುಡುಗ. ಓದೋಕೆ ಬರೋ ಮೊದಲೇ ಸ್ಟ್ರ್ಯಾಂಡ್, ಪಂಚ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿಹೋಗ್ತಿದ್ದ. ಮನೆಯ ನೆಲ, ಗೋಡೆ, ಬಾಗಿಲು ಎಲ್ಲ ಕಡೆ ಗೀಚ್ತಿದ್ದ. ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೀಟು ಕೊಡಲಿಲ್ಲ. ಇಲ್ಲೇ ಕಾಲೇಜಿಗೆ ಸೇರಿ, 'ದಿ ಹಿಂದೂ'ನಲ್ಲಿ ಬರ್ತಿದ್ದ ಅಣ್ಣನ ಕಥೆಗಳಿಗೆ ಚಿತ್ರ ಬರೆದರು.

(3/5)
ಈಗ ಜಪಾನ್‌ಗೆ ಬನ್ನಿ. 'ತೊತ್ತೋಚಾನ್' ಓದಿದ್ದೀರಲ್ಲ? ಆ ಜಪಾನಿ ಪುಸ್ತಕದ ಚಿತ್ರಗಳು ಚಿಹಿರೋ ಇವಾಸಾಕಿ ಅವರವು. ಪುಸ್ತಕ ಬಂದಿದ್ದು 1981ರಲ್ಲಿ, ಚಿಹಿರೋ ತೀರಿಕೊಂಡಿದ್ದು 1974ರಲ್ಲಿ! ಹೇಗೆ ಸಾಧ್ಯ? ಅವರ ಮೂಲ ಚಿತ್ರಗಳನ್ನು ಮನೆಯವರು ಜೋಪಾನ ಮಾಡಿದ್ದರು. ಟೋಕಿಯೋದಲ್ಲಿ ಅವರು ವಾಸವಿದ್ದ ಜಾಗದಲ್ಲೇ 1977ರಲ್ಲಿ ಪುಟ್ಟ ಮ್ಯೂಸಿಯಂ ತೆರೆದರು. ಮಕ್ಕಳ ಚಿತ್ರಪುಸ್ತಕಗಳ ಕಲೆಗೇ ಅಂತ ಜಗತ್ತಿನಲ್ಲಿ ಆದ ಮೊದಲ ಮ್ಯೂಸಿಯಂ ಅದು. ಲೇಖಕಿ ಕುರೊಯಾನಾಗಿ ಆ ಸಂಗ್ರಹದಿಂದಲೇ ತಮ್ಮ ಕಥೆಗೆ ಚಿತ್ರ ಆರಿಸಿಕೊಂಡರು. ಎತ್ತಿಟ್ಟಿದ್ದಕ್ಕೇ ತೊತ್ತೋಚಾನ್‌ಗೆ ಮುಖ ಸಿಕ್ಕಿತು.

(4/5)
ನಮ್ಮಲ್ಲಿ? ಕನ್ನಡ 'ಚಂದಮಾಮ' 1949ರಲ್ಲಿ ಶುರುವಾಯಿತು. ಅದರ ಮಹಾಭಾರತದ ಮುಖಪುಟಗಳನ್ನು ಬರೆದವರು ಎಂ.ಟಿ.ವಿ. ಆಚಾರ್ಯ. ಬೇತಾಳನನ್ನು ಹೊತ್ತು ನಡೆಯೋ ವಿಕ್ರಮನನ್ನು ಬರೆದವರು ಶಂಕರ್, 1952ರಲ್ಲಿ ಚಂದಮಾಮ ಸೇರಿದವರು. ಚಿತ್ರ ಎಲ್ಲರಿಗೂ ನೆನಪಿದೆ. ಹೆಸರು ಎಷ್ಟು ಜನಕ್ಕೆ ಗೊತ್ತು?

ನಂದೂ ಒಂದು ತಪ್ಪು ಹೇಳ್ತೀನಿ. ಮನೆ ಬದಲಾಯಿಸುವಾಗ ತಾತನ ಹಳೇ ಚಂದಮಾಮ ಕಟ್ಟನ್ನ ರದ್ದಿ ಅಂಗಡಿಗೆ ಹೊತ್ತುಕೊಂಡು ಹೋಗಿದ್ದು ನಾನೇ. ಕೆ.ಜಿ. ಲೆಕ್ಕದಲ್ಲಿ ತೂಗಿದರು. ಬಂದ ದುಡ್ಡಲ್ಲಿ ಚುರುಮುರಿ ತಿಂದೆ. ತಾತ ಏನೂ ಅನ್ನಲಿಲ್ಲ. ‘ಬೇತಾಳಂದೂ ಹೋಯ್ತಾ?’ ಅಂತ ಒಂದೇ ಸಲ ಕೇಳಿದರು.

(5/5)
ಲೇಖಕರ ಮನೆ ಬಿದ್ದರೆ ಅವರ ಪುಸ್ತಕ ಬೇರೆ ಕಡೆ ಉಳಿಯುತ್ತೆ. ಮೂಲ ಚಿತ್ರ ಹಾಗಲ್ಲ, ಇರೋದೇ ಒಂದು ಹಾಳೆ. ಅದು ಹೋದರೆ ನಮಗೆ ಉಳಿಯೋದು ಅಚ್ಚಾದ ಪ್ರತಿ ಮಾತ್ರ. ಅದನ್ನೂ ರದ್ದಿಗೆ ಹಾಕಿದರೆ?

ನಿಮ್ಮನೆ ಅಟ್ಟದಲ್ಲಿ ಹಳೇ ಮಕ್ಕಳ ಪುಸ್ತಕ ಇದ್ದರೆ ಇವತ್ತೇ ಇಳಿಸಿ. ಒಳಪುಟದಲ್ಲಿ ‘ಚಿತ್ರಗಳು:’ ಅಂತ ಇರೋ ಹೆಸರನ್ನ, ಇಲ್ಲಾಂದ್ರೆ ಚಿತ್ರದ ಮೂಲೆಯ ಸಹಿಯನ್ನ ಹುಡುಕಿ ಕಾಮೆಂಟಲ್ಲಿ ಹಾಕಿ. ತಾತನಿಗೆ ಓದಿ ಹೇಳ್ತೀನಿ.

#ಲಷ್ಕರ್‌ಮೊಹಲ್ಲಾ #ಮೈಸೂರು #ಚಂದಮಾಮ