ಪ್ರೊಜೆಕ್ಟರ್, ಸೌಂಡ್, ಸಿಸಿ ಕ್ಯಾಮೆರಾ ಫಿಟ್ಟಿಂಗ್: ಯಾವ ಸರ್ಟಿಫಿಕೇಟ್ ಮೊದಲು?

ಶಾಲೆಗಳಲ್ಲಿ ಸ್ಮಾರ್ಟ್ ಕ್ಲಾಸ್, ಕಲ್ಯಾಣ ಮಂಟಪಗಳಲ್ಲಿ ಎಲ್‌ಇಡಿ ಪರದೆ, ಕಿರಾಣಿ ಅಂಗಡಿಯಲ್ಲೂ ಕ್ಯಾಮೆರಾ. ಫಿಟ್ಟಿಂಗ್ ಗೊತ್ತಿರೋ ಹುಡುಗರಿಗೆ ತಾಲ್ಲೂಕಿನಲ್ಲೇ ಕೆಲಸ ಸಿಗ್ತಿದೆ. ಜೊತೆಗೆ ‘ಕೋರ್ಸ್ ಸೇರಿ, ಕೆಲಸ ಗ್ಯಾರಂಟಿ’ ಅನ್ನೋ ಬೋರ್ಡ್‌ಗಳೂ ಎದ್ದಿವೆ. ದುಡ್ಡು ಕಟ್ಟುವ ಮುಂಚೆ ಯಾವ ಕಾಗದ ಎಲ್ಲಿ ನಡೆಯುತ್ತೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಕೊಡಬಲ್ಲವರು ಐಟಿಐ ಸೇರಬಹುದು. ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಟ್ರೇಡ್ ಹೆಸರಿಗೆ ಹತ್ತಿರ ಅನಿಸಿದರೂ ಎಲೆಕ್ಟ್ರಿಷಿಯನ್ ಹೆಚ್ಚು ಉಪಯೋಗ. ಎಚ್‌ಡಿಎಂಐ ಕೇಬಲ್ ಯಾರು ಬೇಕಾದರೂ ಎಳೀಬಹುದು. ಆದರೆ ಪ್ರೊಜೆಕ್ಟರ್‌ಗೆಂದು 230 ವೋಲ್ಟ್‌ನ ಹೊಸ ಲೈನ್ ಹಾಕುವುದು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೂಲಕವೇ ಆಗಬೇಕು. ಮಂಟಪಗಳಲ್ಲಿ ಸ್ಪೀಕರ್ ‘ಗುಂಯ್’ ಅನ್ನೋದಕ್ಕೂ ಎಷ್ಟೋ ಸಲ ಕಾರಣ ಸ್ಪೀಕರ್ ಅಲ್ಲ, ಅರ್ಥಿಂಗ್. ಅದು ಗೊತ್ತಿಲ್ಲದವರು ಆಂಪ್ಲಿಫೈಯರ್ ಬದಲಾಯಿಸುತ್ತಾ ಕೂರ್ತಾರೆ.

ಅಷ್ಟು ಸಮಯ ಇಲ್ಲದವರು ಮೊದಲು ಜಿಲ್ಲೆಯ ಆರ್‌ಸೆಟಿಯಲ್ಲಿ ವಿಚಾರಿಸಲಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲೇ ಬ್ಯಾಂಕುಗಳು ನಡೆಸುವ ಸಂಸ್ಥೆಗಳಿವು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಸಿಸಿಟಿವಿ ಫಿಟ್ಟಿಂಗ್ ಮತ್ತು ಸರ್ವಿಸ್ ಕೋರ್ಸ್ ಸುಮಾರು ಎರಡು ವಾರದ್ದು. ಎಲ್ಲ ಕಡೆ ಸದಾ ನಡೆಯಲ್ಲ, ಬ್ಯಾಚ್ ಯಾವಾಗ ಅಂತ ಕೇಳಿಕೊಳ್ಳಬೇಕು.

ಖಾಸಗಿ ಸೆಂಟರ್ ಆದರೆ ಸರ್ಟಿಫಿಕೇಟ್ ಕೊಡೋರು ಯಾರು ಎಂದು ನೇರವಾಗಿ ಕೇಳಿ. ಅದರ ಮೇಲೆ ಎನ್‌ಸಿವಿಇಟಿ ಗುರುತು, ಎಲೆಕ್ಟ್ರಾನಿಕ್ಸ್ ಸೆಕ್ಟರ್ ಸ್ಕಿಲ್ಸ್ ಕೌನ್ಸಿಲ್ ಥರದ ಮಂಡಳಿಯ ಹೆಸರು ಇರಬೇಕು. ಬರೀ ಸೆಂಟರ್‌ನ ಸೀಲು ಇದ್ದರೆ ಅದು ಆ ಬೀದಿಯಿಂದಾಚೆ ನಡೆಯಲ್ಲ.

ಬೆಂಗಳೂರಿನ ದೊಡ್ಡ ಕಂಪನಿ, ಗಲ್ಫ್ ಅಂತ ಕನಸಿರುವವರು ಕೇಳಿರುವ ಹೆಸರು ಸಿಟಿಎಸ್. ಅಮೆರಿಕದ ಅವಿಕ್ಸಾ ಸಂಸ್ಥೆಯದು; ಫಿಟ್ಟಿಂಗ್‌ನವರಿಗೆ ಅದರ ಮೇಲಿನ ಹಂತ ಸಿಟಿಎಸ್-ಐ. ಫೀಸು ಡಾಲರ್ ಲೆಕ್ಕ, ಮೂರು ವರ್ಷಕ್ಕೊಮ್ಮೆ ನವೀಕರಣ. ಊರಲ್ಲಿ ಕೆಲಸ ಮಾಡೋರಿಗೆ ಸದ್ಯಕ್ಕೆ ಬೇಡ. ಒಂದೆರಡು ವರ್ಷ ಏಣಿ ಹತ್ತಿದ ಮೇಲೆ, ಸಾಧ್ಯವಾದರೆ ಕಂಪನಿಯೇ ಫೀಸು ಕಟ್ಟುವಾಗ ಬರೆಯೋದು ಜಾಣತನ. ನೆಟ್‌ವರ್ಕ್ ಕೇಬಲ್‌ನಲ್ಲಿ ಸೌಂಡ್ ಕಳಿಸುವ ಡಾಂಟೆ ತಂತ್ರಜ್ಞಾನದ ಸರ್ಟಿಫಿಕೇಟ್ ಮಾತ್ರ ಈಗಲೇ ಮಾಡಬಹುದು. ಆಡಿನೇಟ್ ಕಂಪನಿ ಆನ್‌ಲೈನ್‌ನಲ್ಲಿ ಪುಕ್ಕಟೆ ಕೊಡುತ್ತೆ, ಸ್ವಲ್ಪ ಇಂಗ್ಲಿಷ್ ಬಂದರೆ ಸಾಕು.

ಅಂಗಡಿಯವರಿಗೂ ಒಂದು ಮಾತು. ಕ್ಯಾಮೆರಾ ಹಾಕಿಸುವಾಗ ಸರ್ಟಿಫಿಕೇಟ್ ಕೇಳಿ, ಕೆಲಸ ಮುಗಿದ ದಿನವೇ ಡಿವಿಆರ್‌ನ ಪಾಸ್‌ವರ್ಡ್ ನಿಮ್ಮ ಕೈಗೆ ತಗೊಂಡು ಬದಲಾಯಿಸಿಕೊಳ್ಳಿ.