ದೋಶಿಯವರ ವಾಸ್ತುವೂ ಬೆಂಗಳೂರಿನ ಬಯಲೂ

ಬೆಂಗಳೂರಿನ ಕಟ್ಟಡಗಳ ಚರಿತ್ರೆಯನ್ನು ಹೇಳುವವರು ಕೋಟೆ, ಅರಮನೆಗಳನ್ನು ದಾಟಿ ವಿಧಾನಸೌಧಕ್ಕೆ ಬಂದು ನಿಲ್ಲುವುದುಂಟು. ಬನ್ನೇರುಘಟ್ಟ ರಸ್ತೆಯ ಐಐಎಂ ವಿದ್ಯಾಸಂಸ್ಥೆಯ ಕಟ್ಟಡವೂ ಆ ಸಾಲಿಗೆ ಸೇರತಕ್ಕದ್ದೆಂದು ನನ್ನ ಎಣಿಕೆ.

ಅದನ್ನು ರೂಪಿಸಿದವರು ಬಾಲಕೃಷ್ಣ ದೋಶಿ. 1927ರಲ್ಲಿ ಪುಣೆಯಲ್ಲಿ ಹುಟ್ಟಿದ ಅವರು ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೆಯವರ ಬಳಿ ಪಳಗಿದರು. ಗುರುವಿನ ಕಟ್ಟಡಗಳ ಮೇಲ್ವಿಚಾರಣೆಗೆಂದು ಅಹಮದಾಬಾದಿಗೆ ಬಂದರು. 1956ರಲ್ಲಿ ಇಬ್ಬರು ಸಹಾಯಕರೊಡನೆ ಅವರು ತೆರೆದ ‘ವಾಸ್ತುಶಿಲ್ಪ’ ಸಂಸ್ಥೆ ಮುಂದೆ ನೂರಕ್ಕೂ ಮಿಕ್ಕ ನಿರ್ಮಾಣಗಳನ್ನು ಕೈಗೊಂಡಿತು. ಜೋಸೆಫ್ ಸ್ಟೈನ್ ಮತ್ತು ಭಲ್ಲಾ ಅವರೊಡನೆ ದೋಶಿ ಪಾಲುಗಾರರಾಗಿದ್ದಾಗ, 1977ರಲ್ಲಿ, ಬೆಂಗಳೂರಿನ ಕೆಲಸ ಮೊದಲಾಯಿತು.

ಫತೇಪುರ ಸಿಕ್ರಿಯ ಅಂಗಳಗಳು ಅವರ ಮನಸ್ಸಿನಲ್ಲಿದ್ದವು; ಗೋಡೆಗೆ ಬಂದದ್ದು ಮಾತ್ರ ನಮ್ಮ ಸೀಮೆಯ ಒರಟು ಗ್ರಾನೈಟ್ ಕಲ್ಲು. ಅಲ್ಲಿನ ಮೊಗಸಾಲೆಗಳು ಕೆಲವೆಡೆ ಮುಚ್ಚಿ, ಕೆಲವೆಡೆ ತೆರೆದು, ಬಿಸಿಲು ಚಪ್ಪರದ ಸಂದಿನಲ್ಲಿ ಇಳಿಯುವಂತೆ ಇಳಿಯುತ್ತದೆ. ಪಾಠ ತರಗತಿಯ ಹೊರಗೂ ನಡೆಯುತ್ತದೆಂದು ಬಲ್ಲವರು ಮಾತ್ರ ನಡೆದಾಟದ ದಾರಿಗೆ ಇಷ್ಟು ಜಾಗ ಬಿಟ್ಟಾರು.

ಇಂದೂರಿನ ‘ಅರಣ್ಯ’ ಬಡಾವಣೆಯಲ್ಲಿ ಇದೇ ಸಂಸ್ಥೆ ಬಡವರಿಗೆ ಅಡಿಪಾಯ, ನೀರು, ಶೌಚದ ಅನುಕೂಲ ಒದಗಿಸಿ, ಉಳಿದ ಮನೆಯನ್ನು ಸಂಸಾರ ಬೆಳೆದಂತೆ ಅವರೇ ಬೆಳೆಸಿಕೊಳ್ಳಲು ಬಿಟ್ಟಿತು. ನಾನಿರುವ ಕೆಂಗೇರಿ ಉಪನಗರದಲ್ಲಿಯೂ ಮನೆಗಳು ಹಾಗೆಯೇ ಅಂತಸ್ತಿನ ಮೇಲೆ ಅಂತಸ್ತಾಗಿ ಬೆಳೆಯುತ್ತಿವೆ. ಆದರೆ ನಿವೇಶನದ ಅಂಗುಲ ಅಂಗುಲವನ್ನೂ ಗೋಡೆಗೆ ಒಪ್ಪಿಸಿ, ಹಗಲಿನಲ್ಲೇ ದೀಪ ಹಾಕಿ ಕೂರುವವರು ನಾವು!

2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಿತು. ಭಾರತೀಯರಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. 2023ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಹವೆಯ ಬೆಲೆಯನ್ನು ಹೊರಗಿನಿಂದ ಬಂದ ಅವರು ಅರಿತಿದ್ದರು. ಇಲ್ಲಿಯೇ ಬಾಳುವ ನಾವು ಮನೆ ಕಟ್ಟುವಾಗ ಗಾಳಿಗೆ ನಾಲ್ಕು ಅಡಿ ಬಿಡಲಾರೆವೆ?